ಬಿನ್, ಕೋಂ ಮತ್ತು ನಮ್ಮ ವಂಶವೃಕ್ಷ

ಮುತ್ತಜ್ಜನ ಹೆಸರು ಕೇಳಿದ್ರೆ ನಮ್ಮಲ್ಲಿ ತುಂಬಾ ಜನ ಹೇಳ್ತಾರೆ. ಮುತ್ತಜ್ಜಿಯ ಹೆಸರು ಕೇಳಿ ನೋಡಿ, ಮಾತು ನಿಂತುಬಿಡುತ್ತೆ. ನಮ್ಮನೇಲೂ ಅಷ್ಟೇ. ಅಜ್ಜನ ತಾಯಿಯನ್ನು ಎಲ್ಲರೂ 'ದೊಡ್ಡವ್ವ' ಅಂತಿದ್ರಂತೆ. ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ. ಅದನ್ನ ಹುಡುಕ್ತಾ ನಾನು ಹೋಗಿದ್ದು ತಾಲ್ಲೂಕು ಕಚೇರಿಗೆ.

ಉತ್ತರ ಕರ್ನಾಟಕದ ಕಡೆ ಹೆಳವರು ಎತ್ತಿನ ಜೊತೆ ಮನೆ ಮುಂದೆ ಬಂದು, ತಲೆಮಾರುಗಳ ಹೆಸರು ಹೇಳಿ, ಕಾಳುಕಡ್ಡಿ ಪಡೆದು ಹೋಗ್ತಾರೆ. ನಮ್ಮ ಮನೆಗೆ ಅಂಥವರು ಯಾರೂ ಬರ್ತಿರಲಿಲ್ಲ. ಶಾಸನ ನೋಡೋಣ ಅಂದ್ರೆ, ಬಿ.ಎಲ್. ರೈಸ್ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ತಾಲ್ಲೂಕುವಾರು ಜೋಡಿಸಿದ ಪುಸ್ತಕ. ಅದರಲ್ಲಿ ನಿಮ್ಮೂರಿನ ವೀರಗಲ್ಲು ಸಿಗಬಹುದು, ನಿಮ್ಮ ಮನೆಯವರು ಸಿಗೋದು ಕಷ್ಟ. ಸಾಮಾನ್ಯ ರೈತನ ಹೆಸರು ಸರ್ಕಾರದ ಪುಸ್ತಕಕ್ಕೆ ಬಂದಿದ್ದು ಕಂದಾಯದ ದೆಸೆಯಿಂದ. ಮೈಸೂರು ಸೀಮೆಯಲ್ಲಿ 1863ರಲ್ಲಿ ಹೊಸ ಸರ್ವೆ ಶುರುವಾಯ್ತು. ಹೊಲ ಅಳೆದರು, ಸರ್ವೆ ನಂಬರ್ ಕೊಟ್ಟರು, ಕಂದಾಯ ಕಟ್ಟೋನ ಹೆಸರು ಬರೆದರು. ಊರಿನ ಲೆಕ್ಕ ಶಾನುಭೋಗರ ಕೈಲಿತ್ತು. 1961ರ ಕಾಯ್ದೆಯಿಂದ ಆ ವಂಶಪಾರಂಪರ್ಯದ ಹುದ್ದೆಯೇ ರದ್ದಾಯ್ತು.

ಹುಡುಕೋದು ಇವತ್ತಿನಿಂದ ಹಿಂದಕ್ಕೆ. ಪಹಣಿಯಲ್ಲಿ ಎಂ.ಆರ್. ನಂಬರ್ ಇರುತ್ತೆ. ಅದನ್ನ ಹಿಡಿದು ಮ್ಯುಟೇಶನ್ ರಿಜಿಸ್ಟರ್‌ಗೆ ಹೋಗಿ. ನಮ್ಮ ಭಾಷೇಲಿ ಹೇಳೋದಾದ್ರೆ ಅದು ಜಮೀನಿನ ಗಿಟ್ ಲಾಗ್: ಯಾರಿಂದ ಯಾರಿಗೆ, ಯಾವಾಗ, ಯಾಕೆ. ಕ್ರಯ ಅಂದ್ರೆ ಮಾರಾಟ, ವಿಭಾಗ ಅಂದ್ರೆ ಅಣ್ಣತಮ್ಮಂದಿರ ಪಾಲು, ಪೌತಿ ಅಂದ್ರೆ ಸಾವು. ವಂಶ ಹುಡುಕೋರಿಗೆ ಪೌತಿ ನಮೂದುಗಳೇ ಆಸ್ತಿ.

ಅಲ್ಲಿ ಗಂಡಸರೆಲ್ಲ 'ಬಿನ್'. ಅರಬ್ಬಿಯಲ್ಲಿ ಮಗ ಅಂತ ಅರ್ಥ. ಹೆಂಗಸರು 'ಕೋಂ', ಅಂದ್ರೆ ಇಂಥವನ ಹೆಂಡತಿ. ಬಿನ್‌ಗಳ ಸಾಲಿನ ನಡುವೆ ಒಂದು ಕೋಂ ಬಂತು ಅಂದ್ರೆ ಹೆಚ್ಚಾಗಿ ಗಂಡ ಸತ್ತು ಮಕ್ಕಳು ಚಿಕ್ಕವರಿದ್ದಾರೆ ಅಂತ ಅರ್ಥ. ದೊಡ್ಡವ್ವ ನನಗೆ ಸಿಕ್ಕಿದ್ದು ಹಾಗೇ, ಒಂದು ಪೌತಿ ನಮೂದಿನಲ್ಲಿ. ಎರಡು ಎಕರೆ ಚಿಲ್ಲರೆ ಹೊಲ, ಮುತ್ತಜ್ಜನ ನಂತರ ಅವಳ ಹೆಸರಿಗೆ.

ಹೆಸರು ಓದಿ ಸುಮ್ಮನೆ ನಿಂತೆ. ಅದು ನನ್ನ ಸೋದರತ್ತೆಯ ಹೆಸರು! ಅಜ್ಜ ತನ್ನ ತಾಯಿಯ ಹೆಸರನ್ನೇ ಮಗಳಿಗೆ ಇಟ್ಟಿದ್ದಾನೆ. ಸೊಸೆಯಾದವಳು ಅತ್ತೆಯ ಹೆಸರು ಕರೀಬಾರದು ಅಂತ ಅಜ್ಜಿ ಮಗಳನ್ನ 'ಪಾಪು' ಅಂತಲೇ ಕರೆದ್ಲು. ಊರೆಲ್ಲ ಅದನ್ನೇ ಹಿಡೀತು.

ಇಲ್ಲಿಗೆ ಮುಗಿದಿದ್ರೆ ಚೆನ್ನಾಗಿರ್ತಿತ್ತು. ಆದ್ರೆ ಅದೇ ಜಮೀನಿನ ಕಡತದಲ್ಲಿ, ಅಜ್ಜ ತೀರಿಹೋದ ಮೇಲೆ ಮಾಡಿಸಿದ ವಂಶವೃಕ್ಷವೂ ಇತ್ತು. ಅದರಲ್ಲಿ ಮೂವರು ಗಂಡುಮಕ್ಕಳು. ಮಗಳ ಹೆಸರೇ ಇಲ್ಲ. ಕರ್ನಾಟಕದಲ್ಲಿ 1994ರ ತಿದ್ದುಪಡಿ, ಆಮೇಲೆ ದೇಶಕ್ಕೆಲ್ಲ 2005ರ ತಿದ್ದುಪಡಿ, ಎರಡೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟವು. ಮರದಲ್ಲಿ ಕೊಂಬೆಯನ್ನೇ ಬರೆಯದಿದ್ರೆ ಪಾಲು ಕೇಳೋರು ಯಾರು? ಬ್ರಿಟಿಷರ ಕಾಲದ ಗುಮಾಸ್ತ ಬರೆದಿಟ್ಟ ಹೆಸರನ್ನ ನಮ್ಮವರೇ ಬಿಟ್ಟಿದ್ರು.

ಎರಡೂ ದಾಖಲೆಗಳ ನಕಲು ಅಪ್ಪನ ಮುಂದಿಟ್ಟೆ. ತುಂಬಾ ಹೊತ್ತು ನೋಡಿ, "ಪಾಪುಗೆ ತೋರ್ಸಿದ್ಯಾ?" ಅಂದ್ರು. ಇಲ್ಲ ಅಂದೆ. "ತೋರ್ಸು" ಅಂದ್ರು. ಚಿಕ್ಕಪ್ಪಂದಿರು ಏನಂತಾರೋ ನೋಡ್ಬೇಕು.

ನೀವೂ ನಿಮ್ಮ ಮನೆ ವಂಶವೃಕ್ಷ ತೆಗೆಸಿ ಓದಿ. ಯಾರಿದ್ದಾರೆ ಅಂತ ನೋಡೋ ಮೊದಲು ಯಾರಿಲ್ಲ ಅಂತ ನೋಡಿ.