ಕದಲುವುದು ಬಿಂದುವೋ, ಅಂಕಿಯೋ? ಹತ್ತರ ಘಾತಗಳ ಬೋಧನೆಯಲ್ಲಿ ಒಂದು ವಿವಾದಾಂಶ

ಹತ್ತರಿಂದ ಗುಣಿಸುವಾಗ ‘ಕೊನೆಗೊಂದು ಸೊನ್ನೆ ಹಾಕು’, ಭಾಗಿಸುವಾಗ ‘ಒಂದು ಸೊನ್ನೆ ಹೊಡೆದುಹಾಕು’ ಎಂಬ ಸೂತ್ರ ದಶಮಾಂಶದ ಹೊಸ್ತಿಲಲ್ಲೇ ಎಡವುತ್ತದೆ ಎಂಬ ಬಗ್ಗೆ ತಕರಾರಿಲ್ಲ. 2.5ನ್ನು ಹತ್ತರಿಂದ ಗುಣಿಸಿ 2.50 ಎಂದು ಬರೆಯುವ ಮಗು ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಪಾಲಿಸಿರುತ್ತದೆ. ಸಂಖ್ಯೆ ಮಾತ್ರ ಇದ್ದಲ್ಲೇ ಇರುತ್ತದೆ. ರಿಚರ್ಡ್ ಸ್ಕೆಂಪ್ 1976ರ ತಮ್ಮ ಪ್ರಸಿದ್ಧ ಲೇಖನದಲ್ಲಿ, ಕಾರಣ ತಿಳಿಯದೆ ಸೂತ್ರ ಬಳಸುವುದನ್ನೂ ಕಾರಣಸಮೇತ ಅರಿಯುವುದನ್ನೂ ಬೇರ್ಪಡಿಸಿ ತೋರಿಸಿದ ಮೇಲೆ, ಸೊನ್ನೆ ಸೂತ್ರ ಮೊದಲ ಗುಂಪಿಗೆ ಸೇರಿತು. ಇಲ್ಲಿಯವರೆಗೆ ಎಲ್ಲರೂ ಒಂದೇ ದಾರಿಯಲ್ಲಿದ್ದಾರೆ.

ನನ್ನ ಆಕ್ಷೇಪ ಇರುವುದು ಇದಕ್ಕೆ ಮದ್ದೆಂದು ಬಂದ ಮಾತಿನ ಬಗ್ಗೆ. ‘ಬಿಂದು ಕದಲುವುದಿಲ್ಲ, ಅಂಕಿಗಳು ಕದಲುತ್ತವೆ’ ಎಂಬುದು ಶಿಕ್ಷಕ ತರಬೇತಿಯಲ್ಲಿ ಸಿದ್ಧಾಂತದ ಗತ್ತು ಪಡೆದಿದೆ. ಬಿಂದುವನ್ನು ಸರಿಸುವುದು ಕುರುಡು ಅಭ್ಯಾಸ, ಅಂಕಿಯನ್ನು ಸರಿಸುವುದು ಅರಿವು ಎಂಬ ಎಣಿಕೆ ಇದರ ಹಿಂದಿದೆ. ಆದರೆ ಎರಡೂ ಹೇಳುವುದು ಕಾಗದದ ಮೇಲಿನ ಬರಹದ ಸಂಗತಿಯನ್ನೇ. ಒಂದರಲ್ಲಿ ಚುಕ್ಕಿ ಬಲಕ್ಕೆ, ಇನ್ನೊಂದರಲ್ಲಿ ಅಂಕಿ ಎಡಕ್ಕೆ. ರೈಲು ಓಡುತ್ತದೋ ನಿಲ್ದಾಣ ಓಡುತ್ತದೋ ಎಂಬ ಜಗಳದಂತೆ. ‘ಏಕೆ ಎಡಕ್ಕೆ?’ ಎಂದು ಮಗು ಕೇಳಿದರೆ ಈ ಮದ್ದಿನಲ್ಲೂ ಉತ್ತರವಿಲ್ಲ. ಸ್ಕೆಂಪ್ ಅವರ ಅಳತೆಗೋಲಿನಿಂದಲೇ ಅಳೆದರೆ ಅದೂ ಮೊದಲ ಗುಂಪಿನದೇ.

ಇದಕ್ಕೆ ಹಳೆಯದೊಂದು ಸಾಕ್ಷ್ಯವಿದೆ. 1585ರಲ್ಲಿ ಸೈಮನ್ ಸ್ಟೆವಿನ್ ಲೈಡನ್‌ನಲ್ಲಿ ಪ್ರಕಟಿಸಿದ ‘ಡೆ ಥೀಂಡೆ’ ಎಂಬ ಕಿರುಹೊತ್ತಿಗೆಯಲ್ಲಿ ದಶಮಾಂಶಗಳಿವೆ, ಬಿಂದುವಿಲ್ಲ. ನಾವು 27.847 ಎಂದು ಬರೆಯುವುದನ್ನು ಆತ 27ರ ಪಕ್ಕ ವೃತ್ತದೊಳಗೆ 0, 8ರ ಪಕ್ಕ ವೃತ್ತದೊಳಗೆ 1, 4ಕ್ಕೆ 2, 7ಕ್ಕೆ 3 ಎಂದು ಗುರುತು ಹಾಕಿ ಬರೆದ. ವೃತ್ತದ ಅಂಕಿ ಆ ಮನೆಯ ಹೆಸರು. 32.57ನ್ನು 89.46ರಿಂದ ಗುಣಿಸುವಾಗ ಆತ ಪೂರ್ಣಸಂಖ್ಯೆಗಳಂತೆ ಗುಣಿಸಿ, ಎರಡರ ಕೊನೆಯ ಗುರುತುಗಳಾದ 2 ಮತ್ತು 2ನ್ನು ಕೂಡಿ, ಗುಣಲಬ್ಧದ ಕೊನೆಯ ಅಂಕಿಗೆ 4ರ ಗುರುತು ಕೊಟ್ಟ: 2913.7122. ಈ ಬರಹದಲ್ಲಿ ಹತ್ತರಿಂದ ಗುಣಿಸಿದರೆ ಬಿಂದು ಕದಲುವ ಪ್ರಶ್ನೆಯೇ ಇಲ್ಲ, ಅಂಕಿಯೂ ಕದಲಬೇಕಿಲ್ಲ. ಪ್ರತಿ ಗುರುತೂ ಒಂದರಷ್ಟು ಇಳಿದರೆ ಸಾಕು. ಬದಲಾಗುವುದು ಏಕಮಾನದ ಹೆಸರು.

ಲಿಪಿಂಗ್ ಮಾ 1999ರ ಗ್ರಂಥದಲ್ಲಿ ಕೊಟ್ಟ ಪ್ರಸಂಗವನ್ನೂ ಇದರ ಪಕ್ಕದಲ್ಲಿಡಬೇಕು. 123ನ್ನು 645ರಿಂದ ಗುಣಿಸುವಾಗ ಮಕ್ಕಳು 615, 492, 738 ಎಂಬ ಸಾಲುಗಳನ್ನು ನೇರವಾಗಿ ಒಂದರ ಕೆಳಗೊಂದು ಬರೆದು 1845 ಎಂದು ಕೂಡಿದ್ದರು. ಅಮೆರಿಕದ 23, ಚೀನಾದ 72 ಶಿಕ್ಷಕರ ಮುಂದೆ ಈ ತಪ್ಪನ್ನು ಇಡಲಾಯಿತು. ‘ಒಂದು ಮನೆ ಬಿಟ್ಟು ಬರಿ’ ಎಂದು ನಮ್ಮ ತರಗತಿಗಳಲ್ಲಿ ಹೇಳುವ ಮಾತಿನ ಮಟ್ಟದಲ್ಲೇ ನಿಂತವರಿದ್ದರು. ಅದು 492 ಅಲ್ಲ, 492 ಹತ್ತುಗಳು ಎಂದು ಬಿಡಿಸಿ ಹೇಳಿದವರೂ ಇದ್ದರು. ಎರಡನೆಯವರ ವಿವರಣೆಯಲ್ಲಿ ಚಲನೆಯ ಮಾತೇ ಬೇಕಿಲ್ಲ.

ಹಾಗಾಗಿ ಸೊನ್ನೆ, ಬಿಂದು, ಅಂಕಿ ಮೂರಕ್ಕೂ ಮೊದಲು ಏಕಮಾನದ ಹೆಸರು ಬದಲಿಸುವುದನ್ನು ಕಲಿಸಬೇಕು ಎಂಬುದು ನನ್ನ ವಾದ: 3 ಬಿಡಿ ಹತ್ತು ಪಟ್ಟಾದರೆ 3 ಹತ್ತು, 5 ದಶಾಂಶ ಹತ್ತು ಪಟ್ಟಾದರೆ 5 ಬಿಡಿ. ಇದನ್ನು ಎಚ್ಚರದಿಂದಲೇ ಹೇಳುತ್ತಿದ್ದೇನೆ. ಸ್ಟೆವಿನ್ ಬರೆದದ್ದು ಖಗೋಳಜ್ಞರಿಗೆ, ಭೂಮಾಪಕರಿಗೆ, ವರ್ತಕರಿಗೆ. ಇತಿಹಾಸದ ಕ್ರಮವೇ ಮಗುವಿನ ಕಲಿಕೆಯ ಕ್ರಮವಾಗಬೇಕಿಲ್ಲ. ಮಾ ಪರೀಕ್ಷಿಸಿದ್ದು ಶಿಕ್ಷಕರ ತಿಳಿವಳಿಕೆಯನ್ನು, ಮಕ್ಕಳ ಕಲಿಕೆಯನ್ನಲ್ಲ. 7ನ್ನು 100ರಿಂದ ಭಾಗಿಸಿದಾಗ ಅದು 7 ಶತಾಂಶ ಎಂದು ಹೆಸರು ತಿಳಿಸುತ್ತದಾದರೂ, 0.07 ಎಂದು ಬರೆಯಲು ದಶಾಂಶದ ಮನೆ ಖಾಲಿಯಿದೆ ಎಂಬುದು ಕಣ್ಣಿಗೆ ಕಾಣಬೇಕು. ಅಲ್ಲಿ ಸ್ಥಾನಬೆಲೆಯ ಪಟ್ಟಿಯೇ ಗತಿ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಒಂದರಿಂದ ಮೇಲಕ್ಕೆ ನಮಗೆ ಹತ್ತರ ಮೆಟ್ಟಿಲುಗಳು ಧಾರಾಳ. ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ಒಂದರಿಂದ ಕೆಳಕ್ಕೆ ಆಡುಮಾತು ಅರೆ, ಕಾಲು, ಅರೆಕಾಲು, ವೀಸ ಎಂದು ಅರ್ಧರ್ಧವಾಗಿ ಇಳಿಯುತ್ತದೆ. ರೂಪಾಯಿಗೂ 1957ರ ಏಪ್ರಿಲ್ 1ರವರೆಗೆ ಹದಿನಾರಾಣೆಯ ಲೆಕ್ಕವೇ ಇತ್ತು. ‘ಹತ್ತು’ ಮತ್ತು ‘ದಶಾಂಶ’ ಎಂಬ ಪದಗಳ ನಂಟು ಮಗುವಿನ ಕಿವಿಗೆ ಕೇಳಿಸುವುದಿಲ್ಲ. ‘ದಶಾಂಶ’ಕ್ಕೆ ಬದಲಾಗಿ ಕೆಲಕಾಲ ‘ಹತ್ತರಲ್ಲೊಂದು’, ‘ಶತಾಂಶ’ಕ್ಕೆ ಬದಲಾಗಿ ‘ನೂರರಲ್ಲೊಂದು’ ಎಂದು ಹೇಳಿಕೊಟ್ಟರೆ ತಪ್ಪು ಕಡಿಮೆಯಾದೀತೇ ಎಂಬುದು ತೆರೆದ ಪ್ರಶ್ನೆ. ಅದು ಗ್ರಂಥಾಲಯದಲ್ಲಿ ತೀರುವಂಥದ್ದಲ್ಲ. ಕನ್ನಡ ಮಾಧ್ಯಮದ ಶಿಕ್ಷಕರು ತಮ್ಮ ತರಗತಿಯಲ್ಲಿ ಪ್ರಯೋಗಿಸಿ, ಮಕ್ಕಳ ತಪ್ಪುಗಳನ್ನು ತಿದ್ದುವ ಮುನ್ನ ಹಾಗೆಯೇ ಬರೆದಿಟ್ಟುಕೊಳ್ಳಬೇಕೆಂದು ವಿನಂತಿ.