ದನಕ್ಕಾಗಿ ಬಿದ್ದವರ ಕಲ್ಲುಗಳು

ಹೊಸೂರು–ಕೃಷ್ಣಗಿರಿ ಸೀಮೆಯ ವೀರಗಲ್ಲುಗಳನ್ನು ರಾಜರ ಯುದ್ಧಗಳ ಗುರುತೆಂದಷ್ಟೇ ಓದಿದರೆ ಅರ್ಧ ಕಥೆ ತಪ್ಪಿಹೋಗುತ್ತದೆ. 9ರಿಂದ 13ನೇ ಶತಮಾನದವರೆಗೆ ಗಂಗ, ನೊಳಂಬ, ಚೋಳ, ಹೊಯ್ಸಳರು ಕಾದಾಡಿದ ಈ ಗಡಿಯಲ್ಲಿ ಹಳ್ಳಿಯವರಿಗೆ ಯುದ್ಧವೆಂದರೆ ಮೊದಲು ತುರುಗೋಳ್, ಅಂದರೆ ದನಗಳ ಅಪಹರಣ: ಬದುಕಿಗೆ ಆಧಾರವಾದ ದನದ ಹಿಂಡೇ ಮಾಯ. ಅದಕ್ಕೇ ಎಷ್ಟೋ ಕಲ್ಲುಗಳಲ್ಲಿ ಬಿಲ್ಲು ಹಿಡಿದವನ ಪಕ್ಕ ಹಸುಗಳಿವೆ. ಮೇಲಿನ ಪಟ್ಟಿಕೆಗಳಲ್ಲಿ ಅಪ್ಸರೆಯರು ಸತ್ತವನನ್ನು ಒಯ್ಯುತ್ತಾರೆ. ತುದಿಯಲ್ಲಿ ಅವನು ಲಿಂಗದ ಮುಂದೆ ಕುಳಿತಿದ್ದಾನೆ. ತುರು ಕಾಯ್ದು ಸತ್ತವನಿಗೆ ಸ್ವರ್ಗ ಖಚಿತವೆಂಬ ನಂಬಿಕೆಯಿದು. ಕಲ್ಲು ನೆಡಿಸುವ ತಾಕತ್ತು ಉಳ್ಳವರಿಗಷ್ಟೇ ಇತ್ತಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅಕ್ಷರವಿಲ್ಲದ, ಒರಟು ಕೆತ್ತನೆಯ ಕಲ್ಲುಗಳಿಗೂ ಇಲ್ಲಿ ಬರವಿಲ್ಲ. ನೆಡಿಸಿದವರು ಯಾರೇ ಇರಲಿ, ಪೂಜೆ ಉಳಿಸಿಕೊಂಡವರು ಊರಿನ ಜನ. ಈ ಭಾಗದ ಹಲವು ವೀರಗಲ್ಲುಗಳಿಗೆ ಇಂದಿಗೂ ವೇಡಿಯಪ್ಪನ್ ಎಂಬ ಹೆಸರಿನಲ್ಲಿ ಪೂಜೆ ಸಲ್ಲುತ್ತಿದೆ.