ಈಟಿಯ ಕಡೆ, ಕದಿರಿನ ಕಡೆ

ತಾಯಿಯ ಕಡೆಯ ಬಳಗಕ್ಕೆ ಇಂಗ್ಲಿಷಿನಲ್ಲಿ 'ಡಿಸ್ಟಾಫ್ ಸೈಡ್' ಎಂಬ ಹಳೆಯ ಹೆಸರೊಂದಿದೆ. ತಂದೆಯ ಕಡೆಯದು 'ಸ್ಪಿಯರ್ ಸೈಡ್', ಎಂದರೆ ಈಟಿಯ ಕಡೆ. ಈಟಿ ಎಲ್ಲರಿಗೂ ಗೊತ್ತು. ಈ ಡಿಸ್ಟಾಫ್ ಎಂದರೇನು?

ಅದೊಂದು ಸಾದಾ ಕೋಲು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ 'ಡಿಸ್' ಎಂದರೆ ನೂಲಲು ಸಿದ್ಧಮಾಡಿದ ನಾರಿನ ಕಂತೆ, 'ಸ್ಟಾಫ್' ಎಂದರೆ ಕೋಲು. ನಾವು ಚಟ್ನಿಪುಡಿಗೆ ಹುರಿಯುವ ಅಗಸೆ ಇದೆಯಲ್ಲ, ಅದೇ ಗಿಡ ಅಲ್ಲಿ ಬಟ್ಟೆಗೆ ನಾರು ಕೊಡುತ್ತಿತ್ತು. ಹತ್ತಿಯ ಹಂಜಿಯನ್ನು ಬೆರಳಲ್ಲೇ ಹಿಡಿದು ನೂಲಬಹುದು. ಅಗಸೆಯ ಉದ್ದನೆಯ ನಾರು ಹಾಗೆ ಹಿಡಿದರೆ ಸಿಕ್ಕಾಗುತ್ತದೆ. ಅದಕ್ಕೇ ಅದನ್ನು ಕೋಲಿಗೆ ಸುತ್ತಿ, ಕೋಲನ್ನು ಕಂಕುಳಲ್ಲೋ ಸೊಂಟದ ಪಟ್ಟಿಯಲ್ಲೋ ಸಿಕ್ಕಿಸಿಕೊಂಡು, ಕದಿರು ತಿರುಗಿಸುತ್ತ ಹೆಂಗಸರು ನೂಲುತ್ತಿದ್ದರು. ದಾರಿ ನಡೆಯುವಾಗಲೂ ಕೈಗೆ ಬಿಡುವಿರಲಿಲ್ಲ.

ಜನವರಿ 6ಕ್ಕೆ ಕ್ರಿಸ್‌ಮಸ್ ಸಡಗರ ಮುಗಿಯಿತೆಂದರೆ 7ರಂದೇ ಅವರು ಮತ್ತೆ ನೂಲಲು ಕೂರಬೇಕು. ಆ ದಿನಕ್ಕೆ 'ಸಂತ ಡಿಸ್ಟಾಫ್ ದಿನ' ಎಂದು ಹೆಸರು. ಹಾಗೆಂಬ ಸಂತರು ಯಾರೂ ಇರಲಿಲ್ಲ, ಅದು ಬರೀ ತಮಾಷೆ! ಗಂಡಸರ ನೇಗಿಲು ಮಾತ್ರ ಆಮೇಲಿನ ಮೊದಲ ಸೋಮವಾರಕ್ಕೆ ಕಾಯುತ್ತಿತ್ತು.

ಇಷ್ಟು ದುಡಿದವರಿಗೆ ಆಸ್ತಿಯಲ್ಲಿ ಸಿಕ್ಕಿದ್ದೇನು? 899ರಲ್ಲಿ ತೀರಿಕೊಂಡ ಆಲ್ಫ್ರೆಡ್ ದೊರೆಯ ಉಯಿಲು ಉಳಿದುಬಂದಿದೆ. ತನ್ನ ಅಜ್ಜ ಭೂಮಿಯನ್ನು ಈಟಿಯ ಕಡೆಗೆ ಬಿಟ್ಟನೇ ಹೊರತು ಕದಿರಿನ ಕಡೆಗಲ್ಲ ಎಂದು ಅದರಲ್ಲಿ ಹೇಳಿದೆ. ಆದರೂ ಆಲ್ಫ್ರೆಡ್ ಹೆಂಡತಿಗೂ ಹೆಣ್ಣುಮಕ್ಕಳಿಗೂ ಜಮೀನು ಬರೆದ. ಅಜ್ಜನ ಗಳಿಕೆಯಲ್ಲಿ ಏನಾದರೂ ಹೆಣ್ಣಿನ ಪಾಲಿಗೆ ಹೋಗಿದ್ದರೆ, ಬೇಕೆಂಬ ದಾಯಾದಿಗಳು ಬೆಲೆ ಕೊಟ್ಟೇ ಬಿಡಿಸಿಕೊಳ್ಳಲಿ ಎಂದ. ಕೊಟ್ಟದ್ದನ್ನು ಪೂರ್ತಿ ಗಟ್ಟಿಮಾಡಲಿಲ್ಲ ನಿಜ, ಆದರೆ ಬಿಟ್ಟಿಯಾಗಿ ಕಸಿದುಕೊಳ್ಳಲೂ ಬಿಡಲಿಲ್ಲ. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ.

ಡಿಸ್ಟಾಫಿಗೆ ಒಬ್ಬ ತಂಗಿಯಿದ್ದಾಳೆ: 'ಸ್ಪಿನ್‌ಸ್ಟರ್.' ಮೊದಲಿಗೆ ಅದರ ಅರ್ಥ ನೂಲುವವಳು, ಅಷ್ಟೇ. ಬರಬರುತ್ತ ಕಾಗದಪತ್ರಗಳಲ್ಲಿ ಮದುವೆಯಾಗದವಳು ಎಂದಾಯಿತು. ಕೊನೆಗೆ ವಯಸ್ಸು ಮೀರಿದವಳು ಎಂಬ ಕೊಂಕು. ಇಂಗ್ಲೆಂಡಿನ ಮದುವೆ ದಾಖಲೆಗಳು ಆ ಪದವನ್ನು ಕೈಬಿಟ್ಟದ್ದು 2005ರಲ್ಲಿ.

ಯಂತ್ರ ಬರುವವರೆಗೂ ಅಲ್ಲಿ ರಾಜನ ಅಂಗಿಯಿಂದ ಹಡಗಿನ ಹಾಯಿಯವರೆಗೆ ಎಷ್ಟೋ ಎಳೆಗಳನ್ನು ನೂತವರು ಹೆಂಗಸರು. ಆ ದುಡಿಮೆಯಲ್ಲಿ ಹುಟ್ಟಿದ ಒಂದು ಮಾತು ಹಂಗಿಸುವುದಕ್ಕೆ ಬಳಕೆಯಾಯಿತು. ಇನ್ನೊಂದು ತಾಯಿಯ ಬಳಗದ ಹೆಸರಾಗಿ ಮರ್ಯಾದೆಯಿಂದ ಉಳಿಯಿತು. ನನಗಂತೂ ಆ ಕೋಲು ಈಟಿಗಿಂತ ಕಡಿಮೆಯದಾಗಿ ಕಾಣುವುದಿಲ್ಲ.